ಅರ್ಕ್ವಿಲಿಯನ್ ರಿವ್ಯೂ: ಸರ್ವರ್ ಒಳಗೇ ಹೊಕ್ಕು ಟೆಸ್ಟ್ ಮಾಡುವುದು ನಿಜಕ್ಕೂ ಬೇಕಾ?

ಅರ್ಕ್ವಿಲಿಯನ್ ಅಂದರೆ ಜಾವಾ ಟೆಸ್ಟ್‌ಗಳನ್ನು ಸರ್ವರ್ ಒಳಗೇ ಓಡಿಸುವ ಸಾಧನ. ಮೊದಲೇ ಹೇಳಿಬಿಡುತ್ತೇನೆ, ಸರ್ವರನ್ನು ತನ್ನೊಳಗೇ ಇಟ್ಟುಕೊಂಡ ಜಾವಾ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನಲ್ಲಿ ಕೆಲಸ ಮಾಡುವವರಿಗೆ ಈ ರಿವ್ಯೂ ಅಷ್ಟಾಗಿ ಬೇಕಾಗಿಲ್ಲ. ನಮ್ಮದು ಹಳೇ ಕಾಲದ ಜಾವಾ ಸಂಸಾರ. ವೆಬ್ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಸರ್ವ್‌ಲೆಟ್, ಅದಕ್ಕೂ ಮುಂಚೆ ರಿಕ್ವೆಸ್ಟ್ ಹಾದುಬರುವ ಫಿಲ್ಟರ್, ಪುಟ ತಯಾರಿಸುವ ಜೆಎಸ್‌ಪಿ, ಮಧ್ಯೆ ಮಧ್ಯೆ ವ್ಯವಹಾರದ ಕೆಲಸ ನೋಡುವ ಇಜೆಬಿ, ಎಲ್ಲಾ ಸೇರಿಸಿ ಕಟ್ಟಿದ ಒಂದು ದಪ್ಪ ವಾರ್ ಫೈಲ್ (ಜಾವಾ ವೆಬ್ ಅಪ್ಲಿಕೇಶನ್ನಿನ ಗಂಟು), ಅದು ಓಡುವುದು ವೈಲ್ಡ್‌ಫ್ಲೈ ಅನ್ನುವ ಜಾವಾ ಸರ್ವರ್ ಮೇಲೆ. ಸದಸ್ಯರ ಪಟ್ಟಿ, ಸಾಲ, ರಸೀದಿ ನೋಡಿಕೊಳ್ಳುವ ಸಾಫ್ಟ್‌ವೇರ್. 2006ರಲ್ಲಿ ಶುರುವಾದದ್ದು. ಬರೆದವರಲ್ಲಿ ಒಬ್ಬರೂ ಈಗ ಕಂಪನಿಯಲ್ಲಿ ಇಲ್ಲ.

ಇನ್ನೊಂದು ಮಾತು. ಕಂಟೇನರ್ ಅಂದ ತಕ್ಷಣ ಈಗಿನ ಹುಡುಗರು ಅಪ್ಲಿಕೇಶನ್ನನ್ನು ಡಬ್ಬಿ ಕಟ್ಟಿ ಓಡಿಸುವ ಡಾಕರ್ ಅಂದುಕೊಳ್ಳುತ್ತಾರೆ. ಇಲ್ಲಿ ಅದಲ್ಲ. ಡಾಕರ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದಲೇ ಟಾಮ್‌ಕ್ಯಾಟ್, ಜೆಬಾಸ್ (ವೈಲ್ಡ್‌ಫ್ಲೈನ ಹಳೇ ಹೆಸರು) ಇಂಥ ಸರ್ವರ್‌ಗಳನ್ನು ಜಾವಾದವರು ಕಂಟೇನರ್ ಅಂತ ಕರೆಯುತ್ತಿದ್ದರು. ನಮ್ಮ ಸರ್ವ್‌ಲೆಟ್ ಅದರೊಳಗೆ ಬದುಕುತ್ತದೆ. ರಿಕ್ವೆಸ್ಟ್ ತಂದುಕೊಡುವುದು, ಸೆಶನ್ ಕಾಯುವುದು, ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಡೇಟಾಬೇಸ್ ಕೆಲಸ) ಶುರುಮಾಡಿ ಮುಗಿಸುವುದು ಎಲ್ಲಾ ಅದೇ. ಅರ್ಕ್ವಿಲಿಯನ್ ಮಾಡುವ ಕೆಲಸ ಇಷ್ಟು: ನಿಮ್ಮ ಟೆಸ್ಟ್ ಕ್ಲಾಸನ್ನೇ ಆ ಕಂಟೇನರ್ ಒಳಗೆ ಕಳಿಸಿ, ಅಲ್ಲಿ ಓಡಿಸಿ, ಫಲಿತಾಂಶ ವಾಪಸ್ ತರುತ್ತದೆ. ಓಪನ್ ಸೋರ್ಸ್, ದುಡ್ಡು ಕೊಡಬೇಕಾಗಿಲ್ಲ. ಜೆಬಾಸ್ ಕಡೆಯವರು ಮಾಡಿದ್ದು, 1.0 ಬಂದದ್ದು 2012ರಲ್ಲಿ.

ಇದು ಯಾಕೆ ಬೇಕು ಅಂತ ನನಗೂ ಮೊದಲು ಅನಿಸಿತ್ತು. ನಮ್ಮ ಹತ್ತಿರ 900 ಚಿಲ್ಲರೆ ಯೂನಿಟ್ ಟೆಸ್ಟ್ (ಕೋಡಿನ ಒಂದೊಂದೇ ತುಂಡನ್ನು ಬಿಡಿಯಾಗಿ ನೋಡುವ ಟೆಸ್ಟ್) ಇದ್ದವು, ಎಲ್ಲಾ ಹಸಿರು, ಅಂದರೆ ಪಾಸ್. ಅಷ್ಟರಲ್ಲಿ ಗಂಗಮ್ಮನವರ ಹೆಸರು ಕೆಟ್ಟಿತು.

ಒಂದು ಸೋಮವಾರ ಬೆಳಗ್ಗೆ ಗ್ರಾಹಕರ ಕಡೆಯಿಂದ ಫೋನ್. "ಸರ್, ಹೊಸದಾಗಿ ಸೇರಿಸಿದ ಸದಸ್ಯರ ಹೆಸರೆಲ್ಲಾ ಏನೇನೋ ಬರ್ತಿದೆ, ಒಂದಷ್ಟು ಹೆಸರು ಸೇವೇ ಆಗ್ತಿಲ್ಲ." ವಾಟ್ಸಾಪ್‌ನಲ್ಲಿ ಫೋಟೋ ಬಂತು. ಗಂಗಮ್ಮ ಅಂತ ಇರಬೇಕಾದ ಕಡೆ ತಲೆ ಮೇಲೆ ಗೀಟು ಎಳೆದ ಇಂಗ್ಲಿಷಿನ ಎ, ಅದರ ಪಕ್ಕ ಪುಟ್ಟದಾಗಿ ಮೇಲೆ ಕೂತ 2, ಮತ್ತೆ ಎ, ಮತ್ತೆ 2, ಒಂದು ಕಡೆ 3. ಕನ್ನಡದಲ್ಲಿ ವೆಬ್ ಕೆಲಸ ಮಾಡಿದವರಿಗೆ ಈ ಎ ಮತ್ತು 2 ನೋಡಿದ ಕೂಡಲೇ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ, ಅಲ್ವಾ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಗುರುತು ಮೂರು ಬೈಟ್. ಅದನ್ನು ಐಎಸ್ಒ-8859-1 ಅನ್ನುವ ಹಳೇ ಯುರೋಪಿಯನ್ ಪದ್ಧತಿ ಅಂದುಕೊಂಡು ಓದಿದರೆ ಒಂದೊಂದು ಬೈಟೂ ಒಂದೊಂದು ಅಕ್ಷರ ಆಗುತ್ತದೆ. ಮೊದಲ ಬೈಟ್ ಯಾವಾಗಲೂ ಆ ಗೀಟಿನ ಎ. ಎರಡನೆಯದು ಪುಟ್ಟ 2 ಅಥವಾ 3.

ಗಂಗಮ್ಮ ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಆರು: ಗ, ಸೊನ್ನೆ, ಗ, ಮ, ಒತ್ತಕ್ಷರ ಮಾಡುವ ಹಲಂತ, ಮ. ಆರು ಹದಿನೆಂಟಾಯಿತು. ನಮ್ಮ ಹೆಸರಿನ ಕಾಲಂ 50 ಅಕ್ಷರದ್ದು, ಹದಿನೆಂಟು ಹಿಡಿಸಿತು, ಗಲೀಜಾಗಿ ಸೇವ್ ಆಯಿತು. ಅದೇ ಸಿದ್ದಲಿಂಗೇಶ್ವರಸ್ವಾಮಿ ಅನ್ನುವ ಹೆಸರು ಇಪ್ಪತ್ತು, ಮೂರರಿಂದ ಗುಣಿಸಿದರೆ ಅರವತ್ತು. ಅದು ಕಾಲಂನಲ್ಲಿ ಹಿಡಿಸಲಿಲ್ಲ, ಎರರ್ ಬಂತು. ಉದ್ದ ಹೆಸರಿನವರಿಗೆ ಒಂದು ಕಾಯಿಲೆ, ಗಿಡ್ಡ ಹೆಸರಿನವರಿಗೆ ಇನ್ನೊಂದು ಅಂತ ನಾವು ಅರ್ಧ ದಿನ ಎರಡು ಬೇರೆ ಬೇರೆ ಬಗ್ ಹುಡುಕುತ್ತಾ ಕೂತಿದ್ದೆವು.

ಕಾರಣ ಏನಪ್ಪಾ ಅಂದರೆ, ಹಿಂದಿನ ವಾರ ನಾವೇ ಒಂದು ಹೊಸ ಫಿಲ್ಟರ್ ಸೇರಿಸಿದ್ದೆವು. ಯಾರು ಏನು ಬದಲಿಸಿದರು ಅಂತ ಬರೆದಿಡುವ ಫಿಲ್ಟರ್. ಫಿಲ್ಟರ್‌ಗಳ ಸರದಿ ಬರೆದಿರುವ ವೆಬ್ ಡಾಟ್ ಎಕ್ಸ್‌ಎಂಎಲ್ ಫೈಲಿನಲ್ಲಿ ಅದರ ಮ್ಯಾಪಿಂಗ್, ಬರುವುದು ಯುಟಿಎಫ್-8 ಅಂತ ಹೇಳುವ ಎನ್‌ಕೋಡಿಂಗ್ ಫಿಲ್ಟರ್‌ಗಿಂತ ಮೇಲೆ ಕೂತಿತ್ತು. ರಿಕ್ವೆಸ್ಟ್ ಬಂದ ಕೂಡಲೇ ಆ ಹೊಸ ಫಿಲ್ಟರ್, ಫಾರಂನಲ್ಲಿ ತುಂಬಿದ್ದನ್ನು ಕೇಳುವ ಗೆಟ್‌ಪ್ಯಾರಾಮೀಟರ್ ಮೆಥಡ್ ಕರೆಯಿತು. ಕಂಟೇನರ್ ಆಗಲೇ ಇಡೀ ಫಾರಂ ಓದಿ ಬಿಚ್ಚಿ ಇಟ್ಟುಬಿಟ್ಟಿತು, ತನಗೆ ಗೊತ್ತಿದ್ದ ಐಎಸ್ಒ-8859-1 ಪ್ರಕಾರ. ಆಮೇಲೆ ಎನ್‌ಕೋಡಿಂಗ್ ಫಿಲ್ಟರ್ ಬಂದು ಇದು ಯುಟಿಎಫ್-8 ಕಣಪ್ಪಾ ಅಂದರೆ ಯಾರು ಕೇಳುತ್ತಾರೆ? ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

900 ಟೆಸ್ಟ್‌ಗಳಲ್ಲಿ ಒಂದಕ್ಕೂ ಇದು ಯಾಕೆ ಸಿಗಲಿಲ್ಲ? ಯಾಕಂದರೆ ಅಲ್ಲಿ ರಿಕ್ವೆಸ್ಟೇ ಡೂಪು. ಡೂಪು ಮಾಡಿಕೊಡುವ ಮಾಕಿಟೋ ಅನ್ನುವ ಲೈಬ್ರರಿಗೆ ನಾವೇ ಹೇಳಿಕೊಡುತ್ತೇವೆ, ಹೆಸರು ಕೇಳಿದರೆ ಗಂಗಮ್ಮ ಅನ್ನು ಅಂತ. ಅದು ಪಾಪ ಗಂಗಮ್ಮ ಅನ್ನುತ್ತದೆ. ನಾವು ಗಂಗಮ್ಮ ಬಂತು, ಪಾಸ್ ಅನ್ನುತ್ತೇವೆ. ಉತ್ತರ ಹೇಳಿಕೊಟ್ಟು, ಪ್ರಶ್ನೆ ಕೇಳಿ, ಮಾರ್ಕ್ಸ್ ಕೊಡುವವರೂ ನಾವೇ. ಮಧ್ಯದಲ್ಲಿ ಬೈಟ್ ಎಲ್ಲಿದೆ, ಡಿಕೋಡ್ ಎಲ್ಲಿದೆ, ಫಿಲ್ಟರ್‌ಗಳ ಸಾಲು ಎಲ್ಲಿದೆ?

ತಮಾಷೆ ಅಂದರೆ, ನಮ್ಮ ಕೋಡ್ ಇಡುವ ರೆಪೋದಲ್ಲಿ ಕಂಟೇನರ್ ಒಳಗೆ ಓಡುವ ಟೆಸ್ಟ್‌ಗಳು ಮೊದಲಿಂದಲೂ ಇದ್ದವು. 212. ಎಲ್ಲಾ ಜಕಾರ್ತಾ ಕ್ಯಾಕ್ಟಸ್‌ನಲ್ಲಿ ಬರೆದದ್ದು, ಎರಡು ವರ್ಷದಿಂದ ಆಫ್ ಮಾಡಿ ಇಟ್ಟದ್ದು. ಈಗಿನವರಿಗೆ ಕ್ಯಾಕ್ಟಸ್ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳಬೇಕು, ಯಾಕಂದರೆ ಅರ್ಕ್ವಿಲಿಯನ್ ಚೆನ್ನಾಗಿದೆ ಅಂತ ನನಗೆ ಅನಿಸಿದ್ದು ಇದನ್ನು ನೋಡಿದ ಮೇಲೆಯೇ.

ಕ್ಯಾಕ್ಟಸ್ ಅಪಾಚೆ ಅನ್ನುವ ಓಪನ್ ಸೋರ್ಸ್ ಸಂಸ್ಥೆಯದ್ದು, ಮೊದಲು ಅದರ ಹೆಸರು ಜೆ2ಇಇಯೂನಿಟ್ ಅಂತ ಇತ್ತು, ಶುರು ಮಾಡಿದವರು ವಿನ್ಸೆಂಟ್ ಮಸೋಲ್. ಅದರಲ್ಲಿ ಒಂದು ಟೆಸ್ಟ್‌ಗೆ ಮೂರು ಭಾಗ. ಬಿಗಿನ್ ಅಂತ ಶುರುವಾಗುವ ಮೆಥಡ್ ನಮ್ಮ ಕಡೆ, ಅಂದರೆ ಕ್ಲೈಂಟ್ ಕಡೆ ಓಡುತ್ತದೆ, ಅಲ್ಲಿ ಪ್ಯಾರಾಮೀಟರ್, ಕುಕಿ ಎಲ್ಲಾ ತುಂಬಿಸುವುದು. ಟೆಸ್ಟ್ ಅಂತ ಶುರುವಾಗುವುದು ಸರ್ವರ್ ಒಳಗೆ ಓಡುತ್ತದೆ, ಅಲ್ಲಿ ನಿಜವಾದ ರಿಕ್ವೆಸ್ಟ್, ನಿಜವಾದ ಸೆಶನ್ ಕೈಗೆ ಸಿಗುತ್ತದೆ. ಎಂಡ್ ಅಂತ ಶುರುವಾಗುವುದು ಮತ್ತೆ ಕ್ಲೈಂಟ್ ಕಡೆ, ಬಂದ ಉತ್ತರ ನೋಡುವುದಕ್ಕೆ. ಮಧ್ಯೆ ದಲ್ಲಾಳಿ ಹಾಗೆ ಒಂದು ರಿಡೈರೆಕ್ಟರ್ ಸರ್ವ್‌ಲೆಟ್. ಮೊದಲ ಎಚ್‌ಟಿಟಿಪಿ ಕರೆ ಟೆಸ್ಟ್ ಓಡಿಸುತ್ತದೆ. ಆ ಕರೆಯ ಉತ್ತರ ಅಪ್ಲಿಕೇಶನ್‌ದೇ ಆಗಿರುವುದರಿಂದ ಪಾಸೋ ಫೇಲೋ ಅಂತ ಅದರಲ್ಲಿ ತುರುಕಲು ಬರುವುದಿಲ್ಲ, ಅದಕ್ಕೇ ಫಲಿತಾಂಶವನ್ನು ಸರ್ವರ್‌ನಲ್ಲೇ ಒಂದು ಕಡೆ ಇಟ್ಟು, ಎರಡನೇ ಕರೆ ಮಾಡಿ ತರಿಸಿಕೊಳ್ಳುತ್ತದೆ. ಆ ಕಾಲಕ್ಕೆ ಭಾರೀ ಬುದ್ಧಿವಂತಿಕೆಯ ಕೆಲಸ.

ಎಡವುವ ಜಾಗ ಮಾತ್ರ ಒಂದು ಇತ್ತು. ಮೂರೂ ಮೆಥಡ್ ಒಂದೇ ಕ್ಲಾಸಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಆದರೆ ಆ ಕ್ಲಾಸ್ ಎರಡು ಸಲ ಹುಟ್ಟುತ್ತದೆ, ಕ್ಲೈಂಟ್‌ನಲ್ಲಿ ಒಂದು, ಸರ್ವರ್‌ನಲ್ಲಿ ಒಂದು. ಬಿಗಿನ್‌ನಲ್ಲಿ ಒಂದು ಫೀಲ್ಡ್‌ಗೆ ಬೆಲೆ ತುಂಬಿಸಿ ಟೆಸ್ಟ್‌ನಲ್ಲಿ ತೆಗೆದರೆ ನಲ್, ಅಂದರೆ ಖಾಲಿ. ಮನೆಯಲ್ಲಿ ಫ್ರಿಜ್ಜಿಗೆ ಅಂಟಿಸಿದ ಚೀಟಿಯನ್ನು ಅಂಗಡಿಯಲ್ಲಿ ನಿಂತು ಹುಡುಕಿದ ಹಾಗೆ. ನಮ್ಮ ಹಳೇ ಕೋಡಿನಲ್ಲಿ ಈ ನಲ್ ಬಗ್ಗೆ ಕನಿಷ್ಠ ನಾಲ್ಕು ಕಡೆ ಸಿಟ್ಟಿನ ಕಾಮೆಂಟ್ ಇದೆ, ಒಂದಂತೂ ಬರೀ ಆಶ್ಚರ್ಯಚಿಹ್ನೆ.

2011ರಲ್ಲಿ ಅಪಾಚೆಯವರು ಕ್ಯಾಕ್ಟಸನ್ನು ಅಟ್ಟಕ್ಕೆ ಹಾಕಿದರು. ನಿಜಕ್ಕೂ ಅದಕ್ಕೆ ಅವರು ಅಟಿಕ್ ಅಂತಲೇ ಹೆಸರಿಟ್ಟಿದ್ದಾರೆ. ಆದರೂ ನಮ್ಮಲ್ಲಿ ಅದು ಓಡುತ್ತಲೇ ಇತ್ತು. ಕೊನೆಗೆ ಕೊಂದದ್ದು ಬೇರೆ. 2022ರಲ್ಲಿ ಬಂದ ವೈಲ್ಡ್‌ಫ್ಲೈ 27ರಿಂದ ಸರ್ವ್‌ಲೆಟ್, ಇಜೆಬಿ ಇಂಥವುಗಳ ಪ್ಯಾಕೇಜ್ ಹೆಸರುಗಳೆಲ್ಲ ಜಾವಾಎಕ್ಸ್ ಹೋಗಿ ಜಕಾರ್ತಾ ಆದವು. ಕ್ಯಾಕ್ಟಸ್ ಜಾರ್ (ಲೈಬ್ರರಿ ಫೈಲ್) ಒಳಗೆ ಇರುವುದೆಲ್ಲ ಜಾವಾಎಕ್ಸ್ ಸರ್ವ್‌ಲೆಟ್. ಮುಗಿಯಿತು ಕಥೆ. ಜಕಾರ್ತಾ ಅನ್ನುವ ಹೆಸರಿನ ಯೋಜನೆಯಲ್ಲೇ ಬೆಳೆದ ಕ್ಯಾಕ್ಟಸ್ ಕೊನೆಗೆ ಜಕಾರ್ತಾ ಅನ್ನುವ ಹೆಸರಿನಿಂದಲೇ ಸತ್ತಿತು.

ಸರಿ, ಅರ್ಕ್ವಿಲಿಯನ್‌ಗೆ ಬರೋಣ. ಎಂಟು ತಿಂಗಳಿಂದ ಬಳಸುತ್ತಿದ್ದೇನೆ.

ಇದರಲ್ಲಿ ಪೂರ್ತಿ ವಾರ್ ಕಟ್ಟಿ ಕಳಿಸಬೇಕಾಗಿಲ್ಲ. ಡಿಪ್ಲಾಯ್ಮೆಂಟ್ ಅನ್ನುವ ಅನೊಟೇಶನ್ (ಕೋಡಿಗೆ ಅಂಟಿಸುವ ಗುರುತು) ಹಾಕಿ ಒಂದು ಸ್ಟ್ಯಾಟಿಕ್ ಮೆಥಡ್ ಬರೆಯಬೇಕು. ಅದರಲ್ಲಿ ಶ್ರಿಂಕ್‌ರ‍್ಯಾಪ್ ಅನ್ನುವ ಲೈಬ್ರರಿಯಿಂದ ಆ ಟೆಸ್ಟ್‌ಗೆ ಬೇಕಾದ ಕ್ಲಾಸ್ ಇಷ್ಟು, ಫೈಲ್ ಇಷ್ಟು ಅಂತ ಕೋಡಿನಲ್ಲೇ ಪುಟ್ಟ ವಾರ್ ಕಟ್ಟುವುದು. ಪ್ರವಾಸಕ್ಕೆ ಹೊರಟಾಗ ಇಡೀ ಬೀರು ಹೊತ್ತುಕೊಂಡು ಹೋಗದೆ ಒಂದು ಬ್ಯಾಗ್ ಕಟ್ಟಿದ ಹಾಗೆ. ಕಂಟೇನರ್ ಎಬ್ಬಿಸುವುದು, ವಾರ್ ಹಾಕುವುದು, ತೆಗೆಯುವುದು, ಮಲಗಿಸುವುದು ಎಲ್ಲಾ ಅದರದ್ದೇ ಜವಾಬ್ದಾರಿ. ಆಗಲೇ ಓಡುತ್ತಿರುವ ಸರ್ವರ್‌ಗೆ ರಿಮೋಟ್, ತಾನೇ ಸರ್ವರ್ ಎಬ್ಬಿಸುವುದಕ್ಕೆ ಮ್ಯಾನೇಜ್ಡ್, ಟೆಸ್ಟ್‌ನ ಪ್ರೊಸೆಸ್ ಒಳಗೇ ಎಬ್ಬಿಸುವುದಕ್ಕೆ ಎಂಬೆಡೆಡ್ ಅಂತ ಮೂರು ತರಹದ ಅಡಾಪ್ಟರ್ ಇವೆ. ನಾನು ಮ್ಯಾನೇಜ್ಡ್ ಬಳಸುತ್ತೇನೆ, ಅದೇ ನಿಜಕ್ಕೆ ಹತ್ತಿರ.

ಗಂಗಮ್ಮನ ಟೆಸ್ಟ್ ಬರೆದದ್ದು ಹೀಗೆ. ಪುಟ್ಟ ವಾರ್‌ಗೆ ಎರಡೂ ಫಿಲ್ಟರ್, ಸದಸ್ಯರ ಸರ್ವ್‌ಲೆಟ್, ಡೇಟಾಬೇಸ್‌ಗೆ ಬರೆಯುವ ಕ್ಲಾಸ್ ಮತ್ತು ಮುಖ್ಯವಾಗಿ ನಮ್ಮ ನಿಜವಾದ ವೆಬ್ ಡಾಟ್ ಎಕ್ಸ್‌ಎಂಎಲ್. ನಕಲು ಅಲ್ಲ, ಅದೇ ಫೈಲ್, ಇಲ್ಲದಿದ್ದರೆ ಫಿಲ್ಟರ್ ಸಾಲು ಪರೀಕ್ಷೆ ಆಗುವುದೇ ಇಲ್ಲ. ಮೊದಲ ಮೆಥಡ್‌ಗೆ ರನ್‌ಆ್ಯಸ್‌ಕ್ಲೈಂಟ್ ಅಂತ ಹಾಕಿದೆ. ಅದು ಸರ್ವರ್ ಹೊರಗೆ ಓಡುತ್ತದೆ, ಬ್ರೌಸರ್ ಕಳಿಸುವ ಹಾಗೇ ಫಾರಂ ಕಳಿಸುತ್ತದೆ, ಗಂಗಮ್ಮ ಶೇಕಡಾ ಚಿಹ್ನೆಗಳ ಹದಿನೆಂಟು ಬೈಟ್ ಆಗಿ ಹೋಗುತ್ತಾಳೆ. ಎರಡನೇ ಮೆಥಡ್ ಸರ್ವರ್ ಒಳಗೆ ಓಡುತ್ತದೆ, ಇನ್‌ಸೀಕ್ವೆನ್ಸ್ ಹಾಕಿ ಸರದಿ ಗೊತ್ತು ಮಾಡಿದ್ದೇನೆ. ಅಲ್ಲಿ ನಮ್ಮ ರೆಪಾಸಿಟರಿ ಕ್ಲಾಸನ್ನು ಕಂಟೇನರೇ ಇಂಜೆಕ್ಟ್ ಮಾಡಿ ಕೊಡುತ್ತದೆ. ಕೇಳಿದರೆ ಹೆಸರು ಸಿಗುತ್ತದೆ, ಉದ್ದ ನೋಡುವುದು, ಆರು ಇರಬೇಕು.

ಮೊದಲ ಸಲ ಓಡಿಸಿದಾಗ ಕೆಂಪು ಬಂತು. ಆರು ಬೇಕಿತ್ತು, ಹದಿನೆಂಟು ಸಿಕ್ಕಿತು. ಕೆಂಪು ನೋಡಿ ಇಷ್ಟು ಖುಷಿಪಟ್ಟದ್ದು ನೆನಪಿಲ್ಲ. ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ನಾಲ್ಕು ಸಾಲು ಮೇಲೆ ಕೆಳಗೆ ಮಾಡಿದೆ, ಹಸಿರು.

ಸಹೋದ್ಯೋಗಿಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಮತ್ತೆ ಕೆಂಪು. ಅಲ್ಲಿ ಫಿಲ್ಟರ್ ತಪ್ಪಿರಲಿಲ್ಲ. ಬಿಲ್ಡ್ ಮಾಡುವ ಮೇವನ್‌ಗೆ ಸೋರ್ಸ್ ಎನ್‌ಕೋಡಿಂಗ್ ಹೇಳಿರಲಿಲ್ಲ, ಹಳೇ ಜೆಡಿಕೆ (ಕಂಪೈಲರ್ ಇರುವ ಜಾವಾ ಕಿಟ್), ಟೆಸ್ಟ್ ಫೈಲಿನಲ್ಲಿದ್ದ ಗಂಗಮ್ಮನೇ ಕಂಪೈಲ್ ಆಗುವಾಗ ಕೆಟ್ಟಿದ್ದಳು. ಜೆಡಿಕೆ 18ರಿಂದ ಯುಟಿಎಫ್-8 ತಾನಾಗೇ ಬರುತ್ತದೆ, ಅದಕ್ಕಿಂತ ಹಳೆಯದಿದ್ದರೆ ಒಂದು ಸಾಲು ಬರೆದುಬಿಡಿ, ತಲೆನೋವು ತಪ್ಪುತ್ತದೆ.

ಇನ್ನೊಂದು ಕಡೆಯೂ ಇದು ನನ್ನನ್ನು ಉಳಿಸಿತು. ರಸೀದಿ ನಂಬರ್ ಕೊಡುವ ಮೆಥಡ್‌ಗೆ ಹೊಸ ಟ್ರಾನ್ಸಾಕ್ಷನ್ ಬೇಕು ಅಂತ ಅನೊಟೇಶನ್ ಹಾಕಿದ್ದೆವು. ಆದರೆ ಅದನ್ನು ಅದೇ ಕ್ಲಾಸಿನ ಇನ್ನೊಂದು ಮೆಥಡ್ ನೇರವಾಗಿ ಕರೆಯುತ್ತಿತ್ತು. ಹಾಗೆ ಕರೆದರೆ ಕಂಟೇನರ್‌ಗೆ ಗೊತ್ತೇ ಆಗುವುದಿಲ್ಲ, ಹೊಸ ಟ್ರಾನ್ಸಾಕ್ಷನ್ ಶುರುವಾಗುವುದಿಲ್ಲ. ನ್ಯೂ ಅಂತ ಆಬ್ಜೆಕ್ಟ್ ಮಾಡಿ ಬರೆದ ಯೂನಿಟ್ ಟೆಸ್ಟ್‌ನಲ್ಲಿ ಇದು ಜನ್ಮದಲ್ಲಿ ಸಿಗುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಬೈಗುಳವೂ ಇದೆ.

ಬ್ಯಾಗ್ ಕಟ್ಟುವ ಕೆಲಸ ಹೇಳಿದೆನಲ್ಲ, ಅದರಲ್ಲಿ ಒಂದು ಕ್ಲಾಸ್ ಮರೆತರೆ ಕಂಪೈಲ್ ಸುಸೂತ್ರವಾಗಿ ಆಗುತ್ತದೆ, ಕೋಡ್ ಬರೆಯುವ ಐಡಿಇ ಏನೂ ಅನ್ನುವುದಿಲ್ಲ. ಸರ್ವರ್ ಎದ್ದು, ವಾರ್ ಹೋಗಿ, ಟೆಸ್ಟ್ ಅರ್ಧ ಓಡಿದ ಮೇಲೆ ಕ್ಲಾಸ್ ಸಿಗಲಿಲ್ಲ ಅನ್ನುತ್ತದೆ. ಸೇರಿಸಿ ಮತ್ತೆ ಓಡಿಸಿದರೆ ಆ ಕ್ಲಾಸಿಗೆ ಬೇಕಾದ ಇನ್ನೊಂದು ಕ್ಲಾಸ್ ಇಲ್ಲ. ನಮ್ಮಂಥ ಹಳೇ ಕೋಡಿನಲ್ಲಿ ಒಂದು ದಾರ ಎಳೆದರೆ ಇಡೀ ಸೀರೆ ಬರುತ್ತದೆ. ಮೂರನೇ ದಿನಕ್ಕೆ ಸಾಕಾಗಿ ಪ್ಯಾಕೇಜ್ ಪ್ಯಾಕೇಜನ್ನೇ ಸೇರಿಸಿಬಿಟ್ಟೆ. ಪುಟ್ಟ ವಾರ್ ಅನ್ನುವ ಮಾತು ಅಲ್ಲಿಗೆ ಹೋಯಿತು.

ಇಂಜೆಕ್ಟ್ ಮಾಡಲು ಯಾವ ಕ್ಲಾಸ್ ನೋಡಬೇಕು ಅಂತ ಹೇಳುವ ಬೀನ್ಸ್ ಡಾಟ್ ಎಕ್ಸ್‌ಎಂಎಲ್ ಇನ್ನೊಂದು ಕಾಟ. ಎಲ್ಲಾ ಹಳೇ ಉದಾಹರಣೆಗಳಲ್ಲೂ ಖಾಲಿ ಫೈಲ್ ಹಾಕಿ ಸಾಕು ಅಂತ ಇದೆ. ಹಿಂದೆ ಖಾಲಿ ಅಂದರೆ ಎಲ್ಲಾ ಕ್ಲಾಸನ್ನೂ ನೋಡು ಅಂತ ಅರ್ಥ ಇತ್ತು. ಈ ಇಂಜೆಕ್ಷನ್ನಿನ ನಿಯಮಾವಳಿಯಾದ ಸಿಡಿಐ 4ರಿಂದ ಖಾಲಿ ಅಂದರೆ ಅನೊಟೇಶನ್ ಇರುವುದನ್ನು ಮಾತ್ರ ನೋಡು ಅಂತ ಆಗಿದೆ. ಹೊಸ ವೈಲ್ಡ್‌ಫ್ಲೈಗೆ ಬಂದ ಮೇಲೆ ಯಾವ ಇಂಜೆಕ್ಷನ್ನೂ ಸಿಗದೆ ನಾನು ಒಂದು ಮಧ್ಯಾಹ್ನ ಪೂರ್ತಿ ಅರ್ಕ್ವಿಲಿಯನ್ನನ್ನು ಬೈದೆ. ತಪ್ಪು ಅದರದ್ದಲ್ಲ. ಫೈಲ್ ಒಳಗೆ ಆಲ್ ಅಂತ ಬರೆದ ಮೇಲೆ ಸರಿಹೋಯಿತು.

ಬೇರೆ ಕೆಲಸಕ್ಕೆ ಅಂತ ವೈಲ್ಡ್‌ಫ್ಲೈ ಮೊದಲೇ ಓಡುತ್ತಿದ್ದರೆ ಮ್ಯಾನೇಜ್ಡ್ ಅಡಾಪ್ಟರ್ ಮುಂದೆ ಹೋಗುವುದೇ ಇಲ್ಲ. ಸರ್ವರ್ ಆಗಲೇ ಓಡುತ್ತಿದೆ, ತಪ್ಪು ಸರ್ವರ್‌ಗೆ ಕೈ ಹಾಕಿದರೆ ಅನಾಹುತ ಆದೀತು, ಮೊದಲು ನಿಲ್ಲಿಸು ಅನ್ನುವ ಅರ್ಥದ ಉದ್ದ ಸಂದೇಶ ಕೊಟ್ಟು ಕೂರುತ್ತದೆ. ಕಿರಿಕಿರಿ ಅನಿಸಿದರೂ ಇದು ಒಳ್ಳೆಯ ಗುಣವೇ. ಅದನ್ನು ಆಫ್ ಮಾಡುವ ಸೆಟ್ಟಿಂಗ್ ಇದೆ, ನಾನು ಮುಟ್ಟಿಲ್ಲ, ಟೆಸ್ಟ್ ಸರ್ವರ್ ಬೇರೆ ಪೋರ್ಟ್‌ನಲ್ಲಿ ಏಳುವ ಹಾಗೆ ಪೋರ್ಟ್ ಆಫ್‌ಸೆಟ್ ಕೊಟ್ಟುಕೊಂಡಿದ್ದೇನೆ.

ಡಿಬಗ್ಗಿಂಗ್‌ಗೂ ಸ್ವಲ್ಪ ಸರ್ಕಸ್. ಟೆಸ್ಟ್ ಓಡುವುದು ಬೇರೆ ಜೆವಿಎಂನಲ್ಲಿ (ಜಾವಾ ಓಡಿಸುವ ಪ್ರೊಸೆಸ್), ಐಡಿಇಯಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಕಾದರೆ ಅದು ಅಲ್ಲಿಗೆ ಬರುವುದೇ ಇಲ್ಲ. ಅರ್ಕ್ವಿಲಿಯನ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಜೆವಿಎಂಗೆ ಡಿಬಗ್ ಆರ್ಗ್ಯುಮೆಂಟ್ ಕೊಟ್ಟು, ರಿಮೋಟ್ ಡಿಬಗ್ಗರ್ ಅಂಟಿಸಬೇಕು. ಗೊತ್ತಾದ ಮೇಲೆ ಸುಲಭ.

ಆಮೇಲೆ ಸಮಯ. ವೈಲ್ಡ್‌ಫ್ಲೈ ನನ್ನ ಲ್ಯಾಪ್‌ಟಾಪ್‌ನಲ್ಲಿ ಏಳು ಸೆಕೆಂಡಿಗೆ ಏಳುತ್ತದೆ, ಅದು ಒಂದೇ ಸಲ, ಪರವಾಗಿಲ್ಲ. ಆದರೆ ಪ್ರತಿ ಟೆಸ್ಟ್ ಕ್ಲಾಸಿಗೂ ಒಂದೊಂದು ಡಿಪ್ಲಾಯ್. ಹುಮ್ಮಸ್ಸಿನಲ್ಲಿ ಮೊದಲು ಹಳೇ 212 ಟೆಸ್ಟನ್ನೂ ಇದಕ್ಕೆ ಬದಲಿಸಿದ್ದೆ, 61 ಕ್ಲಾಸ್. ಓಡಿ ಮುಗಿಯಲು ಒಂಬತ್ತು ನಿಮಿಷ. ಒಂಬತ್ತು ನಿಮಿಷದ ಟೆಸ್ಟನ್ನು ಯಾರೂ ಓಡಿಸುವುದಿಲ್ಲ, ಕಾಫಿಗೆ ಹೋಗುತ್ತಾರೆ, ಎರಡನೇ ವಾರಕ್ಕೆ ಸ್ಕಿಪ್ ಅಂತ ಫ್ಲ್ಯಾಗ್ ಹಾಕುತ್ತಾರೆ. ಕ್ಯಾಕ್ಟಸ್ ಟೆಸ್ಟ್‌ಗಳು ಆಫ್ ಆದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಹಾಗಾಗಿ ಒಂದೊಂದನ್ನೂ ತೆಗೆದು ನೋಡಿದೆ. ಬಡ್ಡಿ ಲೆಕ್ಕ, ತಾರೀಕು ಲೆಕ್ಕ, ಮೊತ್ತವನ್ನು ಅಕ್ಷರದಲ್ಲಿ ಬರೆಯುವುದು, ಇವಕ್ಕೆಲ್ಲ ಕಂಟೇನರ್ ಯಾಕೆ? ಹಿಂದೆ ಆ ಲೆಕ್ಕವೆಲ್ಲ ಸರ್ವ್‌ಲೆಟ್ ಒಳಗೇ ಬರೆದಿದ್ದರಿಂದ ಪಾಪ ಅವರಿಗೂ ಬೇರೆ ದಾರಿ ಇರಲಿಲ್ಲ. ಅವನ್ನು ಹೊರಗೆ ತೆಗೆದು ಸಾದಾ ಯೂನಿಟ್ ಟೆಸ್ಟ್ ಮಾಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತವೆ. ಇದು ಕೆಟ್ಟರೆ ತಪ್ಪು ಕಂಟೇನರ್ ಮತ್ತು ನಮ್ಮ ಕೋಡ್ ಸೇರುವ ಜಾಗದಲ್ಲೇ ಇರುತ್ತದಾ ಅಂತ ಕೇಳಿಕೊಂಡು, ಹೌದು ಅನಿಸಿದ್ದನ್ನು ಮಾತ್ರ ಇಟ್ಟುಕೊಂಡೆ. ಫಿಲ್ಟರ್ ಸಾಲು, ಎನ್‌ಕೋಡಿಂಗ್, ಲಾಗಿನ್ ಮತ್ತು ಯಾರಿಗೆ ಯಾವ ಪುಟ, ಸೆಶನ್ ಮುಗಿದಾಗ ಏನಾಗುತ್ತದೆ, ಟ್ರಾನ್ಸಾಕ್ಷನ್. ಉಳಿದದ್ದು 38 ಟೆಸ್ಟ್, ಒಂಬತ್ತು ಕ್ಲಾಸ್, ಒಂದೂವರೆ ನಿಮಿಷ.

ಟೆಸ್ಟ್‌ಕಂಟೇನರ್ಸ್ ಇರುವಾಗ ಇದ್ಯಾಕೆ ಅಂತ ಕೇಳುವವರಿದ್ದಾರೆ. ಅದು ಡಾಕರ್ ಕಂಟೇನರ್, ಬೇರೆಯೇ ಸಾಮಾನು. ನಾನೂ ಬಳಸುತ್ತೇನೆ, ನಿಜವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕಾದಾಗ ಅದರಷ್ಟು ಸಲೀಸು ಇನ್ನೊಂದಿಲ್ಲ. ಇಡೀ ಅಪ್ಲಿಕೇಶನ್ನನ್ನೇ ಅದರಲ್ಲಿ ಎಬ್ಬಿಸಿ ಹೊರಗಿಂದ ಫಾರಂ ಕಳಿಸಿದರೆ ಗಂಗಮ್ಮನ ಬಗ್ ಅದಕ್ಕೂ ಸಿಗುತ್ತದೆ. ಆದರೆ ಒಳಗೆ ಇಣುಕಲು ಆಗುವುದಿಲ್ಲ, ಬಾಗಿಲ ಹೊರಗೆ ನಿಂತು ಒಳಗಿನ ಸದ್ದು ಕೇಳಿದ ಹಾಗೆ. ರಸೀದಿ ನಂಬರಿನಂಥದ್ದಕ್ಕೆ ಒಳಗೇ ಹೋಗಬೇಕು. ಹೊಸದಾಗಿ ಶುರು ಮಾಡುವ, ಸರ್ವ್‌ಲೆಟ್ ಗೊಡವೆ ಕಡಿಮೆ ಇರುವ ಯೋಜನೆಗಾದರೆ ನಾನೂ ಟೆಸ್ಟ್‌ಕಂಟೇನರ್ಸ್ ಒಂದೇ ಸಾಕು ಅನ್ನುತ್ತೇನೆ. ಸ್ಪ್ರಿಂಗ್ ಬೂಟ್‌ನವರಿಗೆ ಟಾಮ್‌ಕ್ಯಾಟ್ ಅವರ ಜೇಬಿನಲ್ಲೇ ಇದೆ, ರ‍್ಯಾಂಡಮ್ ಪೋರ್ಟ್‌ನಲ್ಲಿ ಎಬ್ಬಿಸಿ ಟೆಸ್ಟ್ ಮಾಡಿದರೆ ಆಯಿತು. ಸರ್ವರ್ ಎಬ್ಬಿಸದೆ ಟೆಸ್ಟ್ ಮಾಡುವ ಸ್ಪ್ರಿಂಗ್‌ನ ಮಾಕ್‌ಎಂವಿಸಿ ಒಂದನ್ನೇ ನಂಬಿಕೊಂಡು ಕೂರಬೇಡಿ ಅಷ್ಟೇ, ಅದೂ ಡೂಪೇ.

ಜೆಬಾಸ್, ವೈಲ್ಡ್‌ಫ್ಲೈ ಇಂಥದ್ದರ ಮೇಲೆ ಹತ್ತು ಹದಿನೈದು ವರ್ಷದ ಕೋಡ್ ಕಾಯುತ್ತಿರುವವರಿಗೆ ನಾನು ಕೊಡುವ ಅಂಕ ಐದಕ್ಕೆ ನಾಲ್ಕು. ಮಿಕ್ಕವರಿಗೆ ಎರಡೂವರೆ.

ಕಳೆದ ತಿಂಗಳು ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಇನ್ನೊಂದು ಫಿಲ್ಟರ್ ಸೇರಿಸಿದಳು, ಮತ್ತೆ ಮೇಲೆಯೇ. ಬಿಲ್ಡ್ ಕೆಂಪಾಯಿತು. "ಸರ್, ಆರು ಬೇಕು ಹದಿನೆಂಟು ಬಂತು ಅಂತಿದೆ, ಏನಿದು? ಗಂಗಮ್ಮ ಯಾರು?" ಅಂತ ಕೇಳಿಕೊಂಡು ಬಂದಳು. ಟೆಸ್ಟ್‌ನ ಮೇಲೆ ಒಂದು ಕಾಮೆಂಟ್ ಬರೆಯಬೇಕಿತ್ತು, ಬರೆದಿರಲಿಲ್ಲ. ಆವತ್ತು ಸಂಜೆ ಬರೆದೆ.